ಪರದೆ ಆರಿದ ಮೇಲೆ ಉಳಿಯುವ ಯೋಚನೆ

ಪರದೆಯ ಮೇಲೆ ಹಸಿರು ಚುಕ್ಕೆಗಳ ಕಾಡು. ಒಂದೊಂದು ಚುಕ್ಕೆಯೂ ಒಂದೊಂದು ಮರ. ಎಡಗಡೆಯ ಅಂಚಿಗೆ ಬೆಂಕಿ ಹಚ್ಚಿದರೆ ಅದು ಮರದಿಂದ ಪಕ್ಕದ ಮರಕ್ಕೆ ದಾಟುತ್ತದೆ. ಪಕ್ಕದಲ್ಲಿ ಮರವಿಲ್ಲದಿದ್ದರೆ ಅಲ್ಲೇ ಆರುತ್ತದೆ. ಇರುವುದು ಇದೊಂದೇ ನಿಯಮ. ಕಾಡು ಎಷ್ಟು ದಟ್ಟವಾಗಿರಬೇಕು ಎಂಬುದನ್ನು ನಾವೇ ಏರಿಸಿ ಇಳಿಸಬಹುದು. ನೂರು ಜಾಗಗಳಲ್ಲಿ 50ರಲ್ಲಿ ಮರವಿದ್ದರೆ ಬೆಂಕಿ ಅಂಚಿನಲ್ಲೇ ಸಾಯುತ್ತದೆ. 55ಕ್ಕೆ ಏರಿಸಿದರೆ ತುಸು ಒಳಗೆ ಹೋಗಿ ನಿಲ್ಲುತ್ತದೆ. 65ಕ್ಕೆ ಏರಿಸಿದರೆ? ಇನ್ನೊಂದಿಷ್ಟು ಮುಂದೆ ಹೋದೀತು ಎಂದು ಮನಸ್ಸು ಹೇಳುತ್ತದೆ. ಓಡಿಸಿ ನೋಡಿದರೆ ಬೆಂಕಿ ಬಲ ಅಂಚಿನವರೆಗೂ ನುಗ್ಗಿ ಕಾಡಿನ ಬಹುಪಾಲನ್ನು ನುಂಗಿಬಿಡುತ್ತದೆ. ಸುಮಾರು 59ರ ಆಸುಪಾಸಿನಲ್ಲಿ ಕಾಡಿನ ಗುಣವೇ ಬದಲಾಗುತ್ತದೆ. ಅದಕ್ಕಿಂತ ಕೆಳಗೆ ಅದು ಬಿಡಿ ಬಿಡಿ ತೋಪುಗಳ ಗುಂಪು. ಅದಕ್ಕಿಂತ ಮೇಲೆ ಒಂದಕ್ಕೊಂದು ತಾಗಿಕೊಂಡ ಸೌದೆಯ ರಾಶಿ.

ಇದು ನೆಟ್‌ಲೋಗೋ ಎಂಬ ತಂತ್ರಾಂಶದೊಳಗಿನ ಒಂದು ಪುಟ್ಟ ಮಾದರಿ. ಅಮೆರಿಕದ ಯೂರಿ ವಿಲೆನ್ಸ್ಕಿ 1999ರಲ್ಲಿ ರೂಪಿಸಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಕಾಡ್ಗಿಚ್ಚಿನ ಮಾದರಿಯನ್ನು ತರಗತಿಯಲ್ಲಿ ಎರಡು ರೀತಿಯಲ್ಲಿ ತೋರಿಸಬಹುದು. ಮೊದಲನೆಯದು, ಶಿಕ್ಷಕರು ಗುಂಡಿ ಒತ್ತಿ, ಬೆಂಕಿ ಹಬ್ಬುವುದನ್ನು ತೋರಿಸಿ, 'ನೋಡಿದಿರಾ, 59ರಲ್ಲಿ ಹೀಗಾಗುತ್ತದೆ' ಎಂದು ವಿವರಿಸುವುದು. ಎರಡನೆಯದು, ಗುಂಡಿ ಒತ್ತುವ ಮೊದಲು ಪ್ರತಿಯೊಂದು ಮಗುವಿನಿಂದಲೂ ಊಹೆಯನ್ನು ಬರೆಸಿಕೊಳ್ಳುವುದು, ಏಕೆ ಹಾಗನ್ನಿಸಿತು ಎಂದು ಒಂದು ಸಾಲು ಕೇಳುವುದು, ಆಮೇಲೆ ಓಡಿಸುವುದು. ತಂತ್ರಾಂಶ ಅದೇ, ಪರದೆ ಅದೇ, ಬೆಂಕಿಯೂ ಅದೇ. ಮೊದಲ ತರಗತಿಯಲ್ಲಿ ಮಕ್ಕಳು ಒಂದು ಚಿತ್ರ ನೋಡಿದರು. ಎರಡನೆಯದರಲ್ಲಿ ತಮ್ಮ ಯೋಚನೆ ಸುಟ್ಟುಹೋಗುವುದನ್ನು ನೋಡಿದರು. ಮಕ್ಕಳ ಚಿಂತನೆಯನ್ನು ಕಂಪ್ಯೂಟರ್ ರೂಪಿಸಬಲ್ಲದೇ ಎಂಬ ಇಂದಿನ ದೊಡ್ಡ ಚರ್ಚೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ವ್ಯತ್ಯಾಸ.

ಚರ್ಚೆ ಈಗ ಜೋರಾಗಲು ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗಣಕೀಯ ಚಿಂತನೆಯನ್ನು, ಅಂದರೆ ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸಿ ಯೋಚಿಸುವ ಕ್ರಮವನ್ನು, ಶಾಲೆಗೆ ತರುವ ಮಾತಾಡಿತು. 2026-27ರ ಶೈಕ್ಷಣಿಕ ವರ್ಷದಿಂದ 3ನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಗಣಕೀಯ ಚಿಂತನೆಯನ್ನು ಪಠ್ಯಕ್ರಮದೊಳಗೆ ತರುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಇದರ ಹಿಂದೆಯೇ ಶಾಲೆಗಳ ಬಾಗಿಲಿಗೆ ಮಾರಾಟಗಾರರು ಬರುತ್ತಾರೆ. ಮಕ್ಕಳಲ್ಲಿ ತಾರ್ಕಿಕ ಚಿಂತನೆ ಬೆಳೆಸುತ್ತೇವೆ, ನಿಮ್ಮ ಮಗುವಿನ ಚಿಂತನಾ ಶೈಲಿಯನ್ನು ಗುರುತಿಸಿ ಅದಕ್ಕೆ ತಕ್ಕಂತೆ ಪಾಠ ಕೊಡುತ್ತೇವೆ ಎಂಬ ಮಾತುಗಳು ಬರುತ್ತವೆ. ಖರೀದಿಗೆ ಸಹಿ ಹಾಕುವ ಮುಖ್ಯ ಶಿಕ್ಷಕರಿಗೂ, ಶುಲ್ಕ ಕಟ್ಟುವ ತಂದೆ ತಾಯಿಗೂ ಈ ಮಾತುಗಳನ್ನು ಒರೆಗೆ ಹಚ್ಚಲು ಒಂದು ಕಲ್ಲು ಬೇಕು. ಅಂಥ ಕಲ್ಲು ಇದೆ. ಅದನ್ನು ಒದಗಿಸಿದ್ದು ಐವತ್ತು ವರ್ಷಗಳಿಗೂ ಮೀರಿದ ಪ್ರಯೋಗಗಳು.

ಕಥೆ 1967ರಿಂದ ಶುರುವಾಗುತ್ತದೆ. ಸೀಮೋರ್ ಪ್ಯಾಪರ್ಟ್, ವಾಲಿ ಫೋರ್ಝೈಗ್, ಸಿಂಥಿಯಾ ಸೊಲೊಮನ್ ಎಂಬ ಸಂಶೋಧಕರು ಸೇರಿ ಮಕ್ಕಳಿಗಾಗಿಯೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಪರದೆಯ ಮೇಲಿನ ಆಮೆಗೆ 'ಮುಂದೆ ಹೋಗು, ಬಲಕ್ಕೆ ತಿರುಗು' ಎಂದು ಆಜ್ಞೆ ಕೊಟ್ಟು ಚಿತ್ರ ಬರೆಸುವ ಆಟ ಅದು. ಮಗು ಕಂಪ್ಯೂಟರಿಗೆ ಕಲಿಸುತ್ತಾ ತನ್ನದೇ ಯೋಚನೆಯನ್ನು ಯೋಚಿಸಲು ಕಲಿಯುತ್ತದೆ ಎಂಬುದು ಪ್ಯಾಪರ್ಟ್ ಅವರ ನಂಬಿಕೆ. ಆ ನಂಬಿಕೆಯ ಬಲದಲ್ಲಿ ಸಾವಿರಾರು ಶಾಲೆಗಳು ಲೋಗೋವನ್ನು ತಂದುಕೊಂಡವು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಅದನ್ನು ಪರೀಕ್ಷಿಸಿದರು. ಒಂದು ವರ್ಷ ಲೋಗೋ ಕಲಿತ ಮಕ್ಕಳಿಗೂ ಕಲಿಯದ ಮಕ್ಕಳಿಗೂ ಕಂಪ್ಯೂಟರಿನಾಚೆಯ ಒಂದು ಕೆಲಸ ಕೊಟ್ಟರು: ತರಗತಿಯ ಕರಿಹಲಗೆ ಒರೆಸುವುದು, ಗಿಡಕ್ಕೆ ನೀರು ಹಾಕುವುದು ಮುಂತಾದ ಕೆಲಸಗಳನ್ನು ಕಡಿಮೆ ಓಡಾಟದಲ್ಲಿ ಮುಗಿಸಲು ಯೋಜನೆ ಹಾಕಬೇಕು. 1980ರ ದಶಕದ ನಡುವೆ ಬಂದ ಅವರ ಫಲಿತಾಂಶ ನಿರಾಸೆಯದು. ಲೋಗೋ ಕಲಿತವರು ಕಲಿಯದವರಿಗಿಂತ ಉತ್ತಮ ಯೋಜನೆ ಹಾಕಲಿಲ್ಲ. ಆಮೆಯ ಮುಂದೆ ಕಲಿತದ್ದು ಆಮೆಯ ಬಳಿಯೇ ಉಳಿಯಿತು, ಆಚೆಗೆ ದಾಟಲಿಲ್ಲ.

ಅಲ್ಲಿಗೆ ಲೋಗೋ ವ್ಯರ್ಥವೆಂದು ತೀರ್ಮಾನಿಸಿದವರು ಅವಸರಪಟ್ಟರು. 1988ರಲ್ಲಿ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ ಮತ್ತು ಶೇರನ್ ಕಾರ್ವರ್ ಇನ್ನೊಂದು ದಾರಿ ಹಿಡಿದರು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕ್ರಮವನ್ನು ಅವರು ಮಕ್ಕಳಿಗೆ ಬಿಡಿಸಿ ಕಲಿಸಿದರು: ಬೇಕಾಗಿದ್ದೇನು, ಬಂದದ್ದೇನು, ಇವೆರಡರ ನಡುವಿನ ವ್ಯತ್ಯಾಸ ಯಾವ ಸಾಲಿನತ್ತ ಬೆರಳು ತೋರಿಸುತ್ತಿದೆ. ಆ ಮಕ್ಕಳು ಕಂಪ್ಯೂಟರ್ ಇಲ್ಲದ ಕೆಲಸಗಳಲ್ಲಿಯೂ, ದಾರಿ ತೋರಿಸುವ ಬರಹದಂಥ ಸಾಮಾನ್ಯ ಸೂಚನೆಗಳಲ್ಲಿಯೂ, ತಪ್ಪನ್ನು ಚೆನ್ನಾಗಿ ಹಿಡಿದರು. ಅಂದರೆ ದಾಟುವುದು ಸಾಧ್ಯ. ತಾನಾಗಿ ದಾಟುವುದಿಲ್ಲ, ಯಾರಾದರೂ ಕೈಹಿಡಿದು ದಾಟಿಸಬೇಕು. 'ಕೋಡಿಂಗ್ ಕಲಿತರೆ ಬುದ್ಧಿ ತಾನಾಗಿ ಚುರುಕಾಗುತ್ತದೆ' ಎಂದು ಇಂದಿಗೂ ಹೇಳುವವರು ನಲವತ್ತು ವರ್ಷಗಳ ಹಿಂದೆಯೇ ಬಿದ್ದುಹೋದ ಮಾತನ್ನು ಹೇಳುತ್ತಿದ್ದಾರೆ.

ಹಾಗಾದರೆ ಸಿಮ್ಯುಲೇಶನ್, ಅಂದರೆ ಆ ಕಾಡ್ಗಿಚ್ಚಿನಂತೆ ನಿಯಮ ಕೊಟ್ಟು ಪರದೆಯ ಮೇಲೆ ಓಡಿಸುವ ಮಾದರಿ, ಯಾವ ಬಗೆಯ ಯೋಚನೆಯನ್ನು ಬದಲಿಸಬಲ್ಲದು? ಪ್ಯಾಪರ್ಟ್ ಅವರ ಶಿಷ್ಯ ಮಿಚೆಲ್ ರೆಸ್ನಿಕ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಮಾಡಿದ ಕೆಲಸ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಒಂದು ಆಮೆಯ ಬದಲು ಸಾವಿರಾರು ಆಮೆಗಳು ಒಟ್ಟಿಗೆ ಓಡುವ ಲೋಗೋವನ್ನು ಅವರು ರೂಪಿಸಿದರು. ಇಬ್ಬರು ಪ್ರೌಢಶಾಲಾ ವಿದ್ಯಾರ್ಥಿಗಳು ಅದರಲ್ಲಿ ರಸ್ತೆಯ ವಾಹನ ದಟ್ಟಣೆಯ ಮಾದರಿ ಕಟ್ಟಿದರು. ದಟ್ಟಣೆಯಾಗಬೇಕಾದರೆ ಅಪಘಾತವೋ ವೇಗ ಅಳೆಯುವ ಪೊಲೀಸರ ರಾಡಾರೋ ಇರಲೇಬೇಕು ಎಂದು ಅವರು ನಂಬಿದ್ದರು. ರಾಡಾರ್ ತೆಗೆದುಹಾಕಿದ ಮೇಲೂ ದಟ್ಟಣೆ ಹುಟ್ಟಿತು. ಮುಂದಿನ ಕಾರು ಹತ್ತಿರವಾದರೆ ನಿಧಾನಿಸು, ಇಲ್ಲವಾದರೆ ವೇಗ ಹೆಚ್ಚಿಸು ಎಂಬ ಸರಳ ನಿಯಮವೇ ಸಾಕಾಗಿತ್ತು. ಅದಕ್ಕಿಂತಲೂ ಬೆರಗಿನ ಸಂಗತಿ, ಕಾರುಗಳು ಮುಂದೆ ಹೋಗುತ್ತಿದ್ದರೆ ದಟ್ಟಣೆ ಹಿಂದಕ್ಕೆ ಸರಿಯುತ್ತಿತ್ತು.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಹೊತ್ತು ಅರ್ಧ ಗಂಟೆ ನಿಂತು, ಕೊನೆಗೆ ಮುಂದೆ ಹೋಗಿ, 'ಇಲ್ಲಿ ಏನೂ ಆಗಿಯೇ ಇಲ್ಲವಲ್ಲ, ಏಕೆ ನಿಂತಿದ್ದೆವು' ಎಂದುಕೊಂಡ ಪ್ರತಿಯೊಬ್ಬರೂ ಇದನ್ನು ಅನುಭವಿಸಿದ್ದಾರೆ. ಇದು ಪರದೆಯ ಮೇಲಿನ ಆಟವಷ್ಟೇ ಅಲ್ಲ ಎಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ನಿಜವಾದ ಕಾರುಗಳಿಂದಲೇ ತೋರಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಸಮವೇಗದಲ್ಲಿ ಓಡಿಸಿ ಎಂದರು. ಅಡ್ಡಿ ಆತಂಕ ಏನೂ ಇಲ್ಲದಿದ್ದರೂ ಸ್ವಲ್ಪ ಹೊತ್ತಿಗೆ ಒಂದು ಕಡೆ ಕಾರುಗಳು ನಿಂತವು, ಆ ನಿಲುಗಡೆ ಹಿಂದಕ್ಕೆ ಅಲೆಯಂತೆ ಸರಿಯತೊಡಗಿತು.

ಜನರ ಯೋಚನೆಯಲ್ಲಿ ರೆಸ್ನಿಕ್ ಗುರುತಿಸಿದ್ದು ಒಂದು ಹಳೆಯ ಅಭ್ಯಾಸವನ್ನು. ಎಲ್ಲೇ ಒಂದು ವಿನ್ಯಾಸ ಕಂಡರೂ ಅದರ ಹಿಂದೆ ಒಬ್ಬ ನಾಯಕನನ್ನೋ ಒಂದೇ ಕಾರಣವನ್ನೋ ಹುಡುಕುವ ಅಭ್ಯಾಸ ಅದು. ಹಾರುವ ಹಕ್ಕಿಸಾಲಿಗೆ ಮುಂದಾಳು ಇರಲೇಬೇಕು, ಇರುವೆಗಳ ಸಾಲಿಗೆ ರಾಣಿಯ ಅಪ್ಪಣೆ ಇರಲೇಬೇಕು, ಈರುಳ್ಳಿ ಬೆಲೆ ಏರಿದರೆ ಯಾರೋ ಒಬ್ಬ ಏರಿಸಿರಲೇಬೇಕು. ರೆಸ್ನಿಕ್ ಇದನ್ನು ಕೇಂದ್ರೀಕೃತ ಮನಃಸ್ಥಿತಿ ಎಂದು ಕರೆದರು. ಬಿಡಿ ಬಿಡಿ ಪಾತ್ರಗಳು ತಮ್ಮ ಪಾಡಿಗೆ ತಾವು ಸರಳ ನಿಯಮ ಪಾಲಿಸಿದಾಗಲೂ ಒಟ್ಟಂದದಲ್ಲಿ ಯಾರೂ ಉದ್ದೇಶಿಸದ ರೂಪ ಹುಟ್ಟಬಹುದು ಎಂಬುದನ್ನು ಪುಸ್ತಕದ ಪ್ಯಾರಾ ಓದಿ ತಿಳಿಯುವುದು ಕಷ್ಟ. ನಿಯಮವನ್ನು ತಾನೇ ಬರೆದು, ತಾನೇ ಓಡಿಸಿ, ತಾನೇ ಬೆಚ್ಚಿಬಿದ್ದಾಗ ತಿಳಿಯುತ್ತದೆ. ಸಾಂಕ್ರಾಮಿಕ ರೋಗ, ಅಂತರ್ಜಲದ ಕುಸಿತ, ಮಾರುಕಟ್ಟೆಯ ಏರಿಳಿತ, ಇವನ್ನೆಲ್ಲ ಅರ್ಥ ಮಾಡಿಕೊಳ್ಳಲು ಈ ಬಗೆಯ ಯೋಚನೆ ಬೇಕು. ನಮ್ಮ ತಾಲ್ಲೂಕಿನಲ್ಲಿ ಯಾರೊಬ್ಬರೂ ಅಂತರ್ಜಲ ಬತ್ತಿಸಬೇಕೆಂದು ಕೊಳವೆಬಾವಿ ಕೊರೆಸಲಿಲ್ಲ. ಆದರೂ ಅದು ಬತ್ತಿತು. ಈ ಒಂದು ವಿಷಯದಲ್ಲಿ ಸಿಮ್ಯುಲೇಶನ್‌ಗೆ ಸಾಟಿಯಾದ ಬೋಧನಾ ಸಾಧನವನ್ನು ನಾನು ಕಾಣೆ.

ಆದರೆ ಯಾವ ಯೋಚನೆಯ ಧಾಟಿಯೂ ನಿರ್ಮಲವಲ್ಲ, ಇದೂ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಒಂದು ಮಾದರಿ ಇಂದು ನೆಟ್‌ಲೋಗೋದೊಳಗಿದೆ, ಜಗತ್ತಿನ ನೂರಾರು ತರಗತಿಗಳಲ್ಲಿ ಓಡುತ್ತದೆ. ಎರಡು ಬಣ್ಣದ ಜನ. ತನ್ನ ನೆರೆಯವರಲ್ಲಿ ನೂರಕ್ಕೆ 30 ಮಂದಿಯಾದರೂ ತನ್ನ ಬಣ್ಣದವರಿದ್ದರೆ ಪ್ರತಿಯೊಬ್ಬನೂ ತೃಪ್ತ. ಇಲ್ಲದಿದ್ದರೆ ಎದ್ದು ಬೇರೆ ಕಡೆ ಹೋಗುತ್ತಾನೆ. ಇಷ್ಟು ಸೌಮ್ಯವಾದ ಬಯಕೆಯಿಂದಲೂ ಊರು ಬಣ್ಣಬಣ್ಣದ ತುಂಡುಗಳಾಗಿ ಒಡೆಯುತ್ತದೆ. ಕೊನೆಗೆ ಪ್ರತಿಯೊಬ್ಬನ ನೆರೆಯಲ್ಲಿ ನೂರಕ್ಕೆ ಸುಮಾರು 70 ಮಂದಿ ಅವನದೇ ಬಣ್ಣದವರಾಗಿರುತ್ತಾರೆ. ಕೆಟ್ಟ ಮನಸ್ಸಿಲ್ಲದೆಯೂ ಕೆಟ್ಟ ಫಲ ಬರಬಹುದು ಎಂಬ ಪಾಠ ಗಟ್ಟಿಯಾದದ್ದೇ. ಶೆಲ್ಲಿಂಗ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈಗ ಈ ಮಾದರಿಯನ್ನು ಕರ್ನಾಟಕದ ಒಂದು ಹಳ್ಳಿಯ ಶಾಲೆಯಲ್ಲಿ ಓಡಿಸಿ. ಅಲ್ಲಿಯೂ ಊರು ಮತ್ತು ಕೇರಿ ಬೇರೆ ಬೇರೆ. ಪರದೆ ಮಗುವಿಗೆ ಹೇಳುವುದೇನು? ಯಾರೂ ಯಾರನ್ನೂ ಹೊರಗಟ್ಟಲಿಲ್ಲ, ಸಣ್ಣ ಸಣ್ಣ ಆಯ್ಕೆಗಳಿಂದ ಹೀಗಾಯಿತು ಎಂದು. ಅದು ನಮ್ಮ ಮಟ್ಟಿಗೆ ಸುಳ್ಳು. ನಮ್ಮ ಕೇರಿಗಳು ಆಯ್ಕೆಯಿಂದ ಆದವಲ್ಲ. ಕಟ್ಟಳೆಯಿಂದ, ಹೆದರಿಕೆಯಿಂದ, ಜಾತಿಯ ಬಲವಂತದಿಂದ ಆದವು. ಕೇರಿಯಿಂದ ಬಂದ ಹುಡುಗಿ ಆ ಪರದೆಯ ಮುಂದೆ ಕುಳಿತಾಗ ಅವಳ ಅನುಭವವನ್ನೇ ಇಲ್ಲವಾಗಿಸುವ ಒಂದು ಲೆಕ್ಕ ಅವಳಿಗೆ ವಿಜ್ಞಾನವಾಗಿ ಬರುತ್ತದೆ. ಎಲ್ಲದರ ಹಿಂದೆಯೂ ಒಬ್ಬ ನಾಯಕನನ್ನು ಹುಡುಕುವುದು ಎಷ್ಟು ತಪ್ಪೋ, ಯಾವುದರ ಹಿಂದೆಯೂ ಅಧಿಕಾರವನ್ನು ಕಾಣದಿರುವುದೂ ಅಷ್ಟೇ ತಪ್ಪು. ಆದ್ದರಿಂದ ಈ ಮಾದರಿಯನ್ನು ತೋರಿಸಬಾರದು ಎನ್ನುತ್ತಿಲ್ಲ. ತೋರಿಸಿ, ಅಲ್ಲೇ ಪ್ರೋಗ್ರಾಮ್ ತೆರೆದು, ಇದರೊಳಗೆ ಯಾರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದೆ, ಯಾರಿಗಿಲ್ಲ, ಬಾಡಿಗೆ ಮನೆ ಕೊಡುವುದಿಲ್ಲ ಎನ್ನುವವನು ಎಲ್ಲಿದ್ದಾನೆ ಎಂದು ಮಕ್ಕಳಿಂದ ಕೇಳಿಸಬೇಕು. ಒಂದು ಬಣ್ಣದವರು ಇನ್ನೊಂದು ಬಣ್ಣದವರನ್ನು ತಡೆಯಬಲ್ಲರು ಎಂಬ ಒಂದು ಸಾಲನ್ನು ಸೇರಿಸಿ ಮತ್ತೆ ಓಡಿಸಬೇಕು. ಮಾದರಿಯನ್ನು ನಂಬುವುದಕ್ಕಿಂತ ಅದನ್ನು ತಿದ್ದುವುದರಲ್ಲಿ ಹೆಚ್ಚು ಯೋಚನೆ ಇದೆ. ಪ್ರೋಗ್ರಾಮನ್ನು ಮುಚ್ಚಿಟ್ಟು, ಗುಂಡಿಗಳನ್ನು ಮಾತ್ರ ಕೊಡುವ ಸಿಮ್ಯುಲೇಶನ್‌ಗಳಲ್ಲಿ ಇದು ಆಗದು. ಖರೀದಿಸುವವರು ಮೊದಲು ನೋಡಬೇಕಾದ ಗುಣ ಇದೇ ಎಂದು ನನಗನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮಗು ಹೊರಗೆ ನಿಂತು ನೋಡುವ ಪಾತ್ರಗಳ ಕಥೆ. ಮಗುವಿನೊಡನೆ ಮಾತಾಡುವ ಪಾತ್ರಗಳು ಬೇರೆ. ಸಾಫ್ಟ್‌ವೇರ್ ಏಜೆಂಟ್ ಎಂಬ ಹೆಸರಿನಲ್ಲಿ ಈಗ ಶಾಲೆಗೆ ಬರುತ್ತಿರುವ ಬಹುಪಾಲು ಪಾತ್ರಗಳು ಮೇಷ್ಟರ ಪಾತ್ರಗಳು: ಪ್ರಶ್ನೆ ಕೇಳುತ್ತವೆ, ಸುಳಿವು ಕೊಡುತ್ತವೆ, ಅಂಕ ಹಾಕುತ್ತವೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗೌತಮ್ ಬಿಸ್ವಾಸ್ ಮತ್ತು ಸ್ಟ್ಯಾನ್‌ಫರ್ಡಿನ ಡೇನಿಯಲ್ ಶ್ವಾರ್ಟ್ಜ್ ಸಂಬಂಧವನ್ನೇ ತಿರುಗಿಸಿದರು. ಅವರ ಬಳಗ ರೂಪಿಸಿದ ಬೆಟ್ಟಿ ಎಂಬ ಹುಡುಗಿ ಮೇಷ್ಟರಲ್ಲ, ವಿದ್ಯಾರ್ಥಿನಿ. ಅವಳಿಗೆ ಏನೂ ಗೊತ್ತಿಲ್ಲ. ಮಗುವೇ ಅವಳಿಗೆ ಕಲಿಸಬೇಕು.

ಕಲಿಸುವ ಬಗೆ ಹೀಗೆ. ಕೆರೆಯ ಅಥವಾ ನದಿಯ ಪರಿಸರದ ಬಗ್ಗೆ ಓದಿದ ಮಗು ಪರದೆಯ ಮೇಲೆ ಪರಿಕಲ್ಪನಾ ನಕ್ಷೆಯನ್ನು ಬರೆಯುತ್ತದೆ. ಪಾಚಿ, ಆಮ್ಲಜನಕ, ಮೀನು ಎಂದು ಚೌಕಗಳನ್ನಿಟ್ಟು, ಯಾವುದು ಯಾವುದನ್ನು ಹೆಚ್ಚಿಸುತ್ತದೆ, ಯಾವುದು ಕಡಿಮೆ ಮಾಡುತ್ತದೆ ಎಂದು ಬಾಣ ಎಳೆಯುತ್ತದೆ. ಬೆಟ್ಟಿ ಆ ಬಾಣಗಳ ಜಾಡು ಹಿಡಿದೇ ಉತ್ತರ ಕೊಡುತ್ತಾಳೆ, ಬೇರೇನನ್ನೂ ಸೇರಿಸುವುದಿಲ್ಲ. ಪಾಚಿ ಆಮ್ಲಜನಕವನ್ನು ಹೆಚ್ಚಿಸುತ್ತದೆ, ಆಮ್ಲಜನಕ ಮೀನುಗಳನ್ನು ಹೆಚ್ಚಿಸುತ್ತದೆ ಎಂದಷ್ಟೇ ಕಲಿಸಿದ್ದರೆ, ಪಾಚಿ ಹೆಚ್ಚಾದಷ್ಟೂ ಮೀನಿಗೆ ಒಳ್ಳೆಯದು ಎಂದು ಬೆಟ್ಟಿ ಪರೀಕ್ಷೆಯಲ್ಲಿ ಬರೆಯುತ್ತಾಳೆ, ತಪ್ಪುತ್ತಾಳೆ. ಬೆಂಗಳೂರಿನ ಮಕ್ಕಳಿಗೆ ಈ ತಪ್ಪು ತಟ್ಟನೆ ಹೊಳೆಯಬೇಕು: 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು, ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ನಕ್ಷೆಯಲ್ಲಿ ಒಂದು ಬಾಣ ಬಿಟ್ಟುಹೋಗಿದೆ. ಪಾಚಿ ಸಾಯುತ್ತದೆ, ಸತ್ತದ್ದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತದೆ. ಮಗು ಮತ್ತೆ ಪುಸ್ತಕಕ್ಕೆ ಹೋಗುತ್ತದೆ, ಏಕೆಂದರೆ ಬೆಟ್ಟಿ ಫೇಲಾಗಿದ್ದಾಳೆ.

ಈ 'ಏಕೆಂದರೆ'ಯಲ್ಲಿ ಎಲ್ಲ ಇದೆ. 2009ರಲ್ಲಿ ಶ್ವಾರ್ಟ್ಜ್ ಬಳಗ ಪ್ರಕಟಿಸಿದ ಅಧ್ಯಯನದಲ್ಲಿ, ತನಗಾಗಿ ಓದುವುದಕ್ಕಿಂತ ತನ್ನ ಶಿಷ್ಯೆಗಾಗಿ ಓದುವಾಗ ಮಕ್ಕಳು ಹೆಚ್ಚು ಹೊತ್ತು ಶ್ರಮ ಹಾಕಿದರು. ಅದರಿಂದ ಹೆಚ್ಚು ಲಾಭ ಪಡೆದವರು ಕಲಿಕೆಯಲ್ಲಿ ಹಿಂದುಳಿದಿದ್ದ ಮಕ್ಕಳು. 'ನಿನ್ನ ಉತ್ತರ ತಪ್ಪು' ಎಂಬ ಮಾತು ಎದೆಗೆ ತಾಗುತ್ತದೆ. ಮತ್ತೆ ಮತ್ತೆ ಕೇಳಿದ ಮಗು ಪುಸ್ತಕ ಮುಚ್ಚುತ್ತದೆ. 'ಬೆಟ್ಟಿಯ ಉತ್ತರ ತಪ್ಪು' ಎಂದಾಗ ಆ ಪೆಟ್ಟನ್ನು ಅರ್ಧ ಬೆಟ್ಟಿ ಹೊರುತ್ತಾಳೆ, ತಿದ್ದುವ ಹೊಣೆ ಮಾತ್ರ ಮಗುವಿನ ಮೇಲೆ ಉಳಿಯುತ್ತದೆ. ನಮ್ಮ ಶಾಲೆಗಳಲ್ಲಿ ಹಿಂದಿನ ಬೆಂಚಿಗೆ ಸರಿದು ಕುಳಿತ ಎಷ್ಟೋ ಮಕ್ಕಳಿಗೆ ಯಾರೂ ಎಂದೂ 'ನೀನು ಇದನ್ನು ಇನ್ನೊಬ್ಬರಿಗೆ ಕಲಿಸು' ಎಂದು ಹೇಳಿರುವುದಿಲ್ಲ.

ಇದು ನಮಗೆ ಅಪರಿಚಿತ ವಿಚಾರವೂ ಅಲ್ಲ. ಕನ್ನಡ ನಾಡಿನ ಕೂಲಿಮಠಗಳಲ್ಲಿ ಒಬ್ಬರೇ ಅಯ್ಯನವರು ಎಲ್ಲ ವಯಸ್ಸಿನ ಮಕ್ಕಳನ್ನು ಕೂರಿಸಿಕೊಂಡಾಗ ಹಿರಿಯ ಹುಡುಗರು ಕಿರಿಯರಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು, ಮಕ್ಕಳೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಬೆಳೆಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ. ಅದು ಅಲ್ಲಿ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಕೂಲಿಮಠದಲ್ಲಿ ಬಾಯಿಪಾಠದ ಭಾರವೂ ಬೆತ್ತದ ಭಯವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೂ ಕಲಿಸುವ ಹುಡುಗನಿಗೆ ತಾನು ಕಲಿತದ್ದರ ತೂತುಗಳು ಕಾಣುತ್ತಿದ್ದವು. ಬೆಟ್ಟಿ ಆ ಕಿರಿಯ ಹುಡುಗನ ಜಾಗದಲ್ಲಿ ಕುಳಿತಿದ್ದಾಳೆ.

ಈಗ ಇದರ ಎದುರಿಗೆ ಇಂದಿನ ಸಂಭಾಷಣಾ ಯಂತ್ರಗಳನ್ನು ಇಡೋಣ. ಅವಕ್ಕೆ ಎಲ್ಲ ಗೊತ್ತು, ಕೇಳಿದ ಕೂಡಲೇ ಹೇಳುತ್ತವೆ. 2023ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳೊಂದಿಗೆ ಗಣಿತದ ಪ್ರಯೋಗ ನಡೆಸಿದರು. ಒಂದು ಗುಂಪಿಗೆ ಸಾಮಾನ್ಯ ಚಾಟ್‌ಜಿಪಿಟಿಯಂಥ ಸಹಾಯಕ. ಎರಡನೆಯ ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ನೆರವಿನಿಂದ ಕಟ್ಟುಹಾಕಿದ ಸಹಾಯಕ. ಮೂರನೆಯದಕ್ಕೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಅಭ್ಯಾಸದ ಲೆಕ್ಕಗಳಲ್ಲಿ ಮೊದಲ ಗುಂಪಿನ ಅಂಕ ಶೇಕಡಾ 48ರಷ್ಟು, ಎರಡನೆಯದರದು ಶೇಕಡಾ 127ರಷ್ಟು ಏರಿತು. ಜಾಹೀರಾತಿಗೆ ಇಷ್ಟು ಸಾಕು. ಆಮೇಲೆ ಯಂತ್ರವನ್ನು ತೆಗೆದು ಪರೀಕ್ಷೆ ಕೊಟ್ಟರು. ಸಾಮಾನ್ಯ ಸಹಾಯಕ ಬಳಸಿದ್ದವರು ಯಂತ್ರವನ್ನೇ ನೋಡದವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಆ ನಷ್ಟ ಬಹುಮಟ್ಟಿಗೆ ತಪ್ಪಿತು, ಆದರೆ ಅವರೂ ಪುಸ್ತಕ ಹಿಡಿದವರಿಗಿಂತ ಮುಂದೆ ಹೋಗಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಹಿಂದೆ ಬಿದ್ದವರಿಗೆ ತಾವು ಹಿಂದೆ ಬಿದ್ದಿದ್ದೇವೆ ಎಂದು ಅನ್ನಿಸಿರಲೇ ಇಲ್ಲ.

ನಾನು ಹೇಳಿದ ಒರೆಗಲ್ಲು ಇದು. ಯಂತ್ರವಿದ್ದಾಗ ಮಗು ಏನು ಮಾಡಿತು ಎಂಬ ಲೆಕ್ಕ ಬೇಡ. ಆರಿಸಿದ ಮೇಲೆ ಏನು ಮಾಡಬಲ್ಲದು ಎಂದು ತೋರಿಸಿ. ಶಾಲೆಗೆ ಬರುವ ಯಾವ ಕಂಪನಿಯ ಪ್ರತಿನಿಧಿಯನ್ನಾದರೂ ಮುಖ್ಯ ಶಿಕ್ಷಕರು ಈ ಒಂದು ಪ್ರಶ್ನೆ ಕೇಳಬಹುದು, ಅದಕ್ಕೆ ತಂತ್ರಜ್ಞಾನದ ಪದವಿ ಬೇಕಿಲ್ಲ.

ಸುಳಿವು ಕೊಡುವ ಯಂತ್ರಗಳನ್ನು ಮಕ್ಕಳು ಹೇಗೆ ಬಳಸುತ್ತಾರೆ ಎಂಬುದೂ ಹೊಸ ಕಥೆಯಲ್ಲ. ಪಿಟ್ಸ್‌ಬರ್ಗಿನ ಗಣಿತ ಬೋಧಕ ತಂತ್ರಾಂಶವನ್ನು ಬಳಸುತ್ತಿದ್ದ ಮಕ್ಕಳನ್ನು ರಯಾನ್ ಬೇಕರ್ ಮತ್ತು ಸಂಗಡಿಗರು 2004ರ ಸುಮಾರಿಗೆ ಕುಳಿತು ಗಮನಿಸಿದರು. ಕೆಲವರು ಸುಳಿವಿನ ಗುಂಡಿಯನ್ನು ಉತ್ತರ ಬರುವವರೆಗೂ ಒತ್ತುತ್ತಿದ್ದರು; ಇನ್ನು ಕೆಲವರು ಸರಿಯಾದ ಸಂಖ್ಯೆ ಸಿಗುವವರೆಗೂ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಿದ್ದರು. ಅಂಥವರು ಕಲಿತದ್ದು ಉಳಿದವರಿಗಿಂತ ಕಡಿಮೆ. ಗೈಡ್ ನೋಡಿ ಮನೆಪಾಠ ಬರೆದ ನಮ್ಮ ತಲೆಮಾರಿಗೆ ಇದನ್ನು ವಿವರಿಸಬೇಕಿಲ್ಲ.

ಮಾರಾಟಗಾರರು ಆಡುವ, ಚಿಂತನಾ ಶೈಲಿಯನ್ನು ಗುರುತಿಸುವ ಮಾತಿಗೆ ಹೆಚ್ಚು ಸಾಲು ವ್ಯಯಿಸಲಾರೆ. ಈ ಮಗು ನೋಡಿ ಕಲಿಯುವಂಥದ್ದು, ಆ ಮಗು ಕೇಳಿ ಕಲಿಯುವಂಥದ್ದು ಎಂದು ವಿಂಗಡಿಸಿ ಪಾಠ ಕೊಟ್ಟರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಪುರಾವೆಯಿಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು 2008ರಲ್ಲೇ ವಿಮರ್ಶಿಸಿ ತೋರಿಸಿದ್ದಾರೆ. ಹಣೆಪಟ್ಟಿ ಹಚ್ಚುವುದರಲ್ಲಿ ನಾವು ಮೊದಲೇ ನುರಿತವರು, ಅದಕ್ಕೊಂದು ಯಂತ್ರದ ನೆರವು ಬೇಡ. ಇಂಥ ವಿಂಗಡಣೆಗೆ ಮಗುವಿನ ಪ್ರತಿಯೊಂದು ಕ್ಲಿಕ್ಕನ್ನೂ ದಾಖಲಿಸಬೇಕಾಗುತ್ತದೆ ಎಂಬುದು ಇನ್ನೊಂದು ಚಿಂತೆ. 18 ವರ್ಷದೊಳಗಿನವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ಹೊರಬಂದ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಗಾಗಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿವೆ. ಐರೋಪ್ಯ ಒಕ್ಕೂಟ ತರಗತಿಯಲ್ಲಿ ಮಕ್ಕಳ ಭಾವನೆಗಳನ್ನು ಯಂತ್ರದಿಂದ ಅಳೆಯುವುದನ್ನೇ 2025ರ ಫೆಬ್ರವರಿಯಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ರಿಯಾಯಿತಿ. ನಮ್ಮಲ್ಲಿ 'ಶೈಕ್ಷಣಿಕ ಚಟುವಟಿಕೆ' ಎಂಬ ಪದದ ಬಾಗಿಲು ಎಷ್ಟು ಅಗಲ ಎಂಬುದನ್ನು ಪೋಷಕರ ಸಭೆಗಳಲ್ಲಿ ಈಗಲೇ ಕೇಳಬೇಕು.

ಭಾಷೆಯ ಮಾತಿಗೆ ಬರುತ್ತೇನೆ, ಏಕೆಂದರೆ ಯೋಚನೆಯನ್ನು ರೂಪಿಸುವ ಯಾವ ಯಂತ್ರವೂ ಮೊದಲು ರೂಪಿಸುವುದು ಮಾತನ್ನು. ತಂತ್ರಾಂಶ 'ಏಕೆ?' ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡ ಶಾಲೆಯ ಮಗು ಕಾರಣ ಹುಡುಕುವ ಬದಲು ಪದ ಹುಡುಕುತ್ತದೆ. ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದರೂ ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಮಗುವಿಗೆ ಒಂದು ಮೆಟ್ಟಿಲು ಹೆಚ್ಚೇ. ಕರ್ನಾಟಕದಲ್ಲಿ ಈ ದಿಕ್ಕಿನಲ್ಲಿ ಕೆಲಸ ನಡೆದಿಲ್ಲವೆಂದಲ್ಲ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಜಿಯೋಜೀಬ್ರಾದಂಥ ಉಚಿತ ಗಣಿತ ತಂತ್ರಾಂಶದಲ್ಲಿ ತಾವೇ ಪಾಠ ಕಟ್ಟಲು ಕಲಿತರು, ಕನ್ನಡದಲ್ಲಿ ಬರೆದು ಹಂಚಿಕೊಂಡರು. ತ್ರಿಭುಜದ ಶೃಂಗವನ್ನು ಹಿಡಿದು ಎಳೆದಾಗಲೂ ಮೂರು ಕೋನಗಳ ಮೊತ್ತ 180 ಆಗಿಯೇ ಉಳಿಯುವುದನ್ನು ಎಳೆದು ನೋಡಿದ ಮಗುವಿಗೆ ಪ್ರಮೇಯ ಬೇರೆಯೇ ರೀತಿಯಲ್ಲಿ ಬರುತ್ತದೆ. ಕೊಂಡು ತಂದ ತಂತ್ರಾಂಶವನ್ನು ಓಡಿಸುವ ಶಿಕ್ಷಕರಿಗೂ ತಾನೇ ಕಟ್ಟಿದ ಪಾಠವನ್ನು ಓಡಿಸುವ ಶಿಕ್ಷಕರಿಗೂ ಬಹಳ ಅಂತರವಿದೆ. ಎರಡನೆಯವರಿಗೆ ಮಾದರಿಯ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತು, ಆದ್ದರಿಂದ ಅದು ಎಲ್ಲಿ ಸುಳ್ಳು ಹೇಳುತ್ತದೆ ಎಂಬುದೂ ಗೊತ್ತು. ಸರ್ಕಾರದ ಹಣ ಪರವಾನಗಿಗಳಿಗಿಂತ ಮೊದಲು ಈ ಶಿಕ್ಷಕರ ಸಮಯಕ್ಕೆ ಹೋಗಬೇಕು.

ಮೊದಲು ಹೇಳಿದ ಕಾಡಿಗೆ ಮರಳೋಣ. ಗುಂಡ್ಲುಪೇಟೆಯ ಕಡೆಯ ಶಾಲೆಯೊಂದರಲ್ಲಿ ಅದನ್ನು ಓಡಿಸುತ್ತಿದ್ದೇವೆ ಎಂದುಕೊಳ್ಳಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ದಿನಗಟ್ಟಲೆ ಹೊತ್ತಿ ಉರಿದದ್ದು ಅಲ್ಲಿನ ಮನೆಮನೆಯ ಮಾತು. ಊಹೆ ಬರೆದಾಯಿತು, ಬೆಂಕಿ ಓಡಿತು, 59ರ ಗುಟ್ಟು ಬಿಚ್ಚಿತು. ಆಗ ಕಾಡಂಚಿನ ಹುಡುಗನೊಬ್ಬ ಗಾಳಿ ಎಲ್ಲಿ ಎಂದು ಕೇಳಬಹುದು. ಮರಗಳಿಗಿಂತ ಮೊದಲು ಉರಿಯುವ ಲಂಟಾನ ಪೊದೆ ಎಲ್ಲಿ, ಒಣಹುಲ್ಲು ಎಲ್ಲಿ ಎಂದು ಕೇಳಬಹುದು. ಆ ಪ್ರಶ್ನೆ ಬಂದ ಹೊತ್ತಿಗೆ ಶಿಕ್ಷಕರು ಪ್ರೊಜೆಕ್ಟರ್ ಆರಿಸಲಿ. ಕರಿಹಲಗೆಯ ಮೇಲೆ ಕಾಡಿನ ನಕ್ಷೆ ಬರೆದು, ಗಾಳಿ ಪಡುವಲಿನಿಂದ ಬೀಸುತ್ತಿದೆ ಎಂದು ಹೇಳಿ, ಬೇಸಗೆಗೆ ಮೊದಲು ಬೆಂಕಿ ದಾಟದಂತೆ ಅರಣ್ಯ ಇಲಾಖೆಯವರು ಗಿಡ ಹುಲ್ಲು ಸವರಿ ಬಿಡುವ ಬೆಂಕಿ ರೇಖೆಯನ್ನು ಎಲ್ಲಿ ಹಾಕಬೇಕೆಂದು ಮಕ್ಕಳ ಕೈಗೆ ಸೀಮೆಸುಣ್ಣ ಕೊಡಲಿ. ಇರುವುದು ಹತ್ತು ಅಡಿ ಗೆರೆ ಎಳೆಯುವಷ್ಟು ಆಳು, ಅದರಲ್ಲೇ ಮುಗಿಸಬೇಕು. ಒಬ್ಬಳು ಒಂದು ಕಡೆ ಎಳೆಯುತ್ತಾಳೆ, ಇನ್ನೊಬ್ಬ ಅಲ್ಲ ಎನ್ನುತ್ತಾನೆ, ಏಕೆ ಅಲ್ಲ ಎಂದು ಅವಳು ಕೇಳುತ್ತಾಳೆ. ಮರುದಿನ ಅಜ್ಜನನ್ನೋ ಅರಣ್ಯ ವೀಕ್ಷಕರನ್ನೋ ಕೇಳಿಕೊಂಡು ಬಂದು ಆ ಗೆರೆಯನ್ನು ಅಳಿಸಿ ಇನ್ನೊಂದು ಕಡೆ ಬರೆಯುತ್ತಾರೆ.